ಬಿಲ್ ವಾಲ್ಶ್ ಮತ್ತು ಕಿರು ಎಸೆತದ ತಂತ್ರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿಗಿಳಿದ ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶಗಳಿರುತ್ತವೆ. ಚೆಂಡನ್ನು ಅಪ್ಪಿಕೊಂಡು ಓಡಬಹುದು, ಇಲ್ಲವೇ ದಾಳಿಯ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಅದನ್ನು ಮುಂದಿರುವ ಸಂಗಡಿಗನಿಗೆ ಎಸೆಯಬಹುದು. ಓಟವೇ ಭದ್ರ, ಎಸೆತ ಅಪಾಯಕರ ಎಂಬುದು 1960ರ ದಶಕದಲ್ಲೂ ಅನೇಕ ತರಬೇತುದಾರರ ನಂಬಿಕೆಯಾಗಿತ್ತು. ಅದನ್ನು ಅಲುಗಿಸಿದ ಬಿಲ್ ವಾಲ್ಶ್ ಅವರ ತಂತ್ರವು ಸಿದ್ಧಾಂತದಿಂದಲ್ಲ, ಒಂದು ತಂಡದ ಅನಿವಾರ್ಯತೆಯಿಂದ ಮೂಡಿತು.

1931ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜನಿಸಿ, ಶಾಲೆ ಕಾಲೇಜುಗಳ ತಂಡಗಳಲ್ಲಿ ಪಳಗಿದ ವಾಲ್ಶ್, 1968ರಲ್ಲಿ ಹೊಸ ತಂಡವಾದ ಸಿನ್ಸಿನಾಟಿ ಬೆಂಗಲ್ಸ್‌ಗೆ ಅದರ ಮುಖ್ಯ ತರಬೇತುದಾರ ಪಾಲ್ ಬ್ರೌನ್ ಅವರ ಸಹಾಯಕರಾಗಿ ಬಂದರು. ಮರುವರ್ಷ ದೊರೆತ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್ ದೂರದ ಎಸೆತದಲ್ಲಿ ಅಸಾಮಾನ್ಯರಾಗಿದ್ದರೂ ಅದೇ ಋತುವಿನಲ್ಲಿ ಭುಜದ ಪೆಟ್ಟಿಗೆ ಸಿಲುಕಿದರು. ಅವರ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್ ಅವರ ತೋಳಿಗೆ ಅಂಥ ಕಸುವಿರಲಿಲ್ಲ, ಗುರಿ ಮಾತ್ರ ಖಚಿತವಾಗಿತ್ತು. ಆದ್ದರಿಂದ ವಾಲ್ಶ್ ಮೈದಾನದ ಉದ್ದಕ್ಕಿಂತ ಅಗಲವನ್ನು ನೆಚ್ಚಿದರು: ಚೆಂಡನ್ನು ಕೆಲವೇ ಗಜಗಳಾಚೆಗೆ, ಹಿಡಿಯುವವನು ಅಲ್ಲಿಗೆ ತಲುಪುವ ಗಳಿಗೆಗೆ ಸರಿಯಾಗಿ ಎಸೆಯುವುದು, ಮಿಕ್ಕ ದೂರವನ್ನು ಅವನ ಓಟಕ್ಕೆ ಬಿಡುವುದು. ಕ್ವಾರ್ಟರ್‌ಬ್ಯಾಕ್ ಹಿಂದಕ್ಕಿಡುವ ಹೆಜ್ಜೆಗಳ ಎಣಿಕೆಗೂ ಹಿಡಿಯುವವರು ಓಡುವ ದಾರಿಗೂ, ನೃತ್ಯದಲ್ಲಿ ತಾಳ ಹೊಂದಿಸುವಂತೆ, ಹೊಂದಿಕೆ ಮಾಡಲಾಯಿತು. 1971ರಲ್ಲಿ ಗುರಿ ಮುಟ್ಟಿದ ಎಸೆತಗಳ ಪ್ರಮಾಣದಲ್ಲಿ ಕಾರ್ಟರ್ ಇಡೀ ಲೀಗಿಗೆ ಮೊದಲಿಗರಾದರು.

1976ರಲ್ಲಿ ಬ್ರೌನ್ ತರಬೇತುದಾರರ ಹೊಣೆ ತ್ಯಜಿಸಿದಾಗ ಆ ಪಟ್ಟ ಮತ್ತೊಬ್ಬ ಸಹಾಯಕರಿಗೆ ಒಲಿಯಿತು. ಸ್ಯಾನ್ ಡಿಯೇಗೋ ಮತ್ತು ಸ್ಟ್ಯಾನ್‌ಫರ್ಡ್‌ಗಳ ಮೂಲಕ ಹಾದು, 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದ ಮುಖ್ಯ ತರಬೇತುದಾರರಾದ ವಾಲ್ಶ್, ಮೊದಲ ಋತುವಿನ ಹದಿನಾರು ಪಂದ್ಯಗಳಲ್ಲಿ ಹದಿನಾಲ್ಕನ್ನು ಸೋತರು. ಆದರೆ ಅದೇ ವರ್ಷ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೂರನೆಯ ಸುತ್ತಿನಲ್ಲಿ, ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವರನ್ನು ಆರಿಸಿಕೊಂಡಿದ್ದರು. ಈ ತಂತ್ರಕ್ಕೆ ಅವರಿಗಿಂತ ತಕ್ಕ ಆಟಗಾರ ದೊರೆಯುವುದು ಕಷ್ಟವಿತ್ತು. ಪಂದ್ಯದ ಆರಂಭದ ಹತ್ತಾರು ನಡೆಗಳನ್ನು ಮುಂಚೆಯೇ ಬರೆದಿಟ್ಟು, ಎದುರಾಳಿ ಪ್ರತಿಕ್ರಿಯಿಸುವ ಬಗೆಯನ್ನು ಅದರಿಂದಲೇ ಅಳೆಯುವ ಪದ್ಧತಿಯನ್ನೂ ವಾಲ್ಶ್ ರೂಢಿಸಿದರು.

1982ರ ಜನವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಅವರ ತಂಡ 26–21ರಿಂದ ಗೆದ್ದಿತು, ಅದೂ ಅವರನ್ನು ಕಡೆಗಣಿಸಿದ್ದ ಬೆಂಗಲ್ಸ್ ವಿರುದ್ಧವೇ. 1985ರಲ್ಲಿ ಮಯಾಮಿಯನ್ನು, 1989ರಲ್ಲಿ ಮತ್ತೆ ಬೆಂಗಲ್ಸ್ ತಂಡವನ್ನು ಮಣಿಸಿ ಅವರು ಆ ಹುದ್ದೆಯಿಂದ ನಿವೃತ್ತರಾದರು. ಪ್ರತಿಭಾವಂತ ಎಂಬ ಹೊಗಳಿಕೆ ಅವರಿಗೆ ಸಲ್ಲತಕ್ಕದ್ದೇ ಆದರೂ, ಕುಕ್ ಅವರ ಭುಜ ಗಟ್ಟಿಯಾಗಿ ಉಳಿದಿದ್ದರೆ ಈ ತಂತ್ರದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ವಾಲ್ಶ್ 2007ರಲ್ಲಿ ನಿಧನರಾದರು. ಅವರ ಸಹಾಯಕರಾಗಿದ್ದ ಮೈಕ್ ಹೋಮ್‌ಗ್ರೆನ್ ಗ್ರೀನ್ ಬೇ ತಂಡಕ್ಕೆ 1997ರಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟರೆ, ಹೋಮ್‌ಗ್ರೆನ್ ಅವರ ಕೈಕೆಳಗೆ ಪಳಗಿದ ಆ್ಯಂಡಿ ರೀಡ್ ಕನ್ಸಾಸ್ ಸಿಟಿ ತಂಡಕ್ಕೆ 2020, 2023 ಮತ್ತು 2024ರಲ್ಲಿ ಅದೇ ಪ್ರಶಸ್ತಿಯನ್ನು ತಂದುಕೊಟ್ಟರು.