ಕ್ಷಿಪಣಿಗೆ ಕಡಿವಾಣ: ಒಂದು ಒಪ್ಪಂದದ ಪಾಠ

ಶಸ್ತ್ರಾಸ್ತ್ರ ನಿಯಂತ್ರಣದ ಮಾತು ಬಂದಾಗಲೆಲ್ಲ ಬಾಂಬಿಗಿಂತ ಹೆಚ್ಚಾಗಿ ಕ್ಷಿಪಣಿಯ ಹೆಸರೇ ಕೇಳಿಬರುವುದನ್ನು ನೀವು ಗಮನಿಸಿರಬಹುದು. ಇದಕ್ಕೆ ಕಾರಣವೇನು? ಅಣು ಸಿಡಿತಲೆ ಚಿಕ್ಕದು. ಅದನ್ನು ಒಂದು ಕೋಣೆಯಲ್ಲಿ ಬಚ್ಚಿಡಬಹುದು. ಅದನ್ನು ಹೊತ್ತೊಯ್ಯುವ ಕ್ಷಿಪಣಿ ಹಾಗಲ್ಲ. ಅದಕ್ಕೆ ಕಾರ್ಖಾನೆ, ಉಡಾವಣಾ ವಾಹನ, ನೆಲೆ, ಹಾರಾಟ ಪರೀಕ್ಷೆ ಎಲ್ಲವೂ ಬೇಕು. ಇವುಗಳನ್ನು ಉಪಗ್ರಹದಿಂದ ನೋಡಬಹುದು, ಎಣಿಸಬಹುದು. ಎಣಿಸಲು ಬರುವುದನ್ನು ಮಿತಿಗೊಳಿಸುವುದೂ ಸುಲಭ.

ಎರಡು ಬಗೆಯ ಕ್ಷಿಪಣಿಗಳು

ಬ್ಯಾಲಿಸ್ಟಿಕ್ ಕ್ಷಿಪಣಿಯ ಎಂಜಿನ್ ಮೊದಲ ಕೆಲವು ನಿಮಿಷ ಮಾತ್ರ ಉರಿಯುತ್ತದೆ. ಅನಂತರ ಅದು ನೀವು ಎಸೆದ ಕಲ್ಲಿನಂತೆ ಕಮಾನಿನ ಹಾದಿಯಲ್ಲಿ ಸಾಗಿ ಗುರಿಯ ಮೇಲೆ ಬೀಳುತ್ತದೆ. ಕ್ರೂಸ್ ಕ್ಷಿಪಣಿಯಾದರೋ ಚಾಲಕನಿಲ್ಲದ ಪುಟ್ಟ ವಿಮಾನದಂತೆ; ಕೊನೆಯವರೆಗೂ ಎಂಜಿನ್ನಿನ ಬಲದಿಂದಲೇ ಹಾರುತ್ತದೆ.

1970ರ ದಶಕದಲ್ಲಿ ಸೋವಿಯತ್ ಒಕ್ಕೂಟ ಎಸ್‌ಎಸ್-20 ಎಂಬ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ನಿಯೋಜಿಸತೊಡಗಿತು. ಮೂರು ಸಿಡಿತಲೆಗಳನ್ನು ಹೊತ್ತು, ವಾಹನದ ಮೇಲೆ ಸಂಚರಿಸುತ್ತಿದ್ದ ಇದರ ವ್ಯಾಪ್ತಿಯಲ್ಲಿ ಇಡೀ ಪಶ್ಚಿಮ ಯುರೋಪ್ ಇತ್ತು. ಇದಕ್ಕೆ ಉತ್ತರವಾಗಿ 1983ರ ಕೊನೆಯಿಂದ ಅಮೆರಿಕ ಪಶ್ಚಿಮ ಜರ್ಮನಿಯಲ್ಲಿ ಪರ್ಶಿಂಗ್-2 ಕ್ಷಿಪಣಿಗಳನ್ನೂ, ಬ್ರಿಟನ್, ಇಟಲಿ ಮೊದಲಾದೆಡೆ ಕ್ರೂಸ್ ಕ್ಷಿಪಣಿಗಳನ್ನೂ ಇಟ್ಟಿತು.

ಅಪಾಯ ಇದ್ದದ್ದು ಸ್ಫೋಟದ ಬಲದಲ್ಲಿ ಮಾತ್ರವಲ್ಲ, ಸಮಯದಲ್ಲಿ. ಖಂಡಾಂತರ ಕ್ಷಿಪಣಿ ಗುರಿ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು. ಇವುಗಳಲ್ಲಿ ಬ್ಯಾಲಿಸ್ಟಿಕ್ ಬಗೆಯವಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಅಮೆರಿಕದಿಂದ ಕ್ಷಿಪಣಿಗಳು ಬರುತ್ತಿವೆಯೆಂದು ತಪ್ಪಾಗಿ ಸೂಚಿಸಿತು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಇದು ಯಂತ್ರದ ದೋಷವೆಂದು ಸರಿಯಾಗಿಯೇ ತೀರ್ಮಾನಿಸಿದರು. ಯೋಚಿಸಲು ಸಮಯವೇ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ನಂಬು, ಆದರೆ ಪರೀಕ್ಷಿಸು

1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೋರ್ಬಚೇವ್ ವಾಷಿಂಗ್ಟನ್ನಿನಲ್ಲಿ ಐಎನ್‌ಎಫ್ ಒಪ್ಪಂದಕ್ಕೆ ಸಹಿ ಹಾಕಿದರು. 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ, ನೆಲದಿಂದ ಹಾರಿಸುವ ಕ್ಷಿಪಣಿಗಳನ್ನೆಲ್ಲ ಎರಡೂ ದೇಶಗಳು ತ್ಯಜಿಸಬೇಕೆಂಬುದು ಅದರ ತಿರುಳು. 1991ರ ಜೂನ್ ಹೊತ್ತಿಗೆ ಅಮೆರಿಕದ 846, ಸೋವಿಯತ್ ಒಕ್ಕೂಟದ 1,846, ಒಟ್ಟು 2,692 ಕ್ಷಿಪಣಿಗಳು ನಾಶವಾದವು. ಆದರೆ ಸಿಡಿತಲೆಯೊಳಗಿನ ಅಣು ಸಾಮಗ್ರಿಯನ್ನು ಉಳಿಸಿಕೊಳ್ಳಲು ಅವಕಾಶವಿತ್ತು.

ನಾಶವಾದದ್ದು ನಿಜವೆಂದು ತಿಳಿಯುವುದು ಹೇಗೆ? ಎರಡೂ ಕಡೆಯ ತಪಾಸಕರು ಮತ್ತೊಬ್ಬರ ನೆಲೆಗಳಿಗೆ ಹೋಗಿ ಕಣ್ಣಾರೆ ನೋಡಿದರು. ಸೋವಿಯತ್ ಒಕ್ಕೂಟದ ವೋಟ್‌ಕಿನ್ಸ್ಕ್ ಕಾರ್ಖಾನೆಯಲ್ಲಿ ಒಂದು ತೊಡಕಿತ್ತು. ಅಲ್ಲಿ ತಯಾರಾಗುತ್ತಿದ್ದ, ನಿಷೇಧಕ್ಕೆ ಒಳಪಡದ ಎಸ್‌ಎಸ್-25 ಕ್ಷಿಪಣಿಯ ಮೊದಲ ಹಂತ ಹೊರನೋಟಕ್ಕೆ ಎಸ್‌ಎಸ್-20ರ ಹಂತವನ್ನೇ ಹೋಲುತ್ತಿತ್ತು! ಹೀಗಾಗಿ ಅಮೆರಿಕದ ತಪಾಸಕರು ಆ ಕಾರ್ಖಾನೆಯ ಬಾಗಿಲಲ್ಲೇ ಬೀಡುಬಿಟ್ಟರು. ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ಸೋವಿಯತ್ ತಪಾಸಕರು ಹಾಗೆಯೇ ಕುಳಿತರು. ತಪಾಸಣೆಯ ಅವಧಿ 2001ರಲ್ಲಿ ಮುಗಿಯಿತು.

ಮುಂದೆ ರಷ್ಯಾದ 9ಎಂ729 ಕ್ರೂಸ್ ಕ್ಷಿಪಣಿ ಮಿತಿಯನ್ನು ಮೀರಿದೆಯೆಂದು ಅಮೆರಿಕ ಆರೋಪಿಸಿತು; ರಷ್ಯಾ ನಿರಾಕರಿಸಿತು. 2019ರ ಆಗಸ್ಟ್ 2ರಂದು ಅಮೆರಿಕ ಹೊರಬಂದು ಒಪ್ಪಂದ ಕೊನೆಗೊಂಡಿತು. ಒಪ್ಪಂದದಲ್ಲಿ ಪಾಲುಗೊಳ್ಳದ ಚೀನಾ ಇಂಥ ಕ್ಷಿಪಣಿಗಳನ್ನು ಬೆಳೆಸುತ್ತಿದ್ದುದೂ ಅಮೆರಿಕದ ಅತೃಪ್ತಿಗೆ ಕಾರಣವಾಗಿತ್ತು.

ನಮ್ಮ ಉಪಖಂಡದಲ್ಲಿ

ನೆರೆಯ ದೇಶಗಳ ನಡುವೆ ಸಮಯ ಇನ್ನೂ ಕಡಿಮೆ. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಯನ್ನು ಮೊದಲೇ ತಿಳಿಸಬೇಕೆಂದು ಭಾರತ ಮತ್ತು ಪಾಕಿಸ್ತಾನ 2005ರಲ್ಲಿ ಒಪ್ಪಂದ ಮಾಡಿಕೊಂಡವು. ಕ್ರೂಸ್ ಕ್ಷಿಪಣಿಗಳು ಅದರಲ್ಲಿ ಸೇರಿಲ್ಲ. 2022ರ ಮಾರ್ಚ್ 9ರಂದು ಭಾರತದ ಒಂದು ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದಲ್ಲಿ ಬಿತ್ತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ, ಪಾಕಿಸ್ತಾನವೂ ಪ್ರತಿಯಾಗಿ ಕ್ಷಿಪಣಿ ಹಾರಿಸಲಿಲ್ಲ.

ಒಪ್ಪಂದಗಳು ಶತ್ರುವನ್ನು ಮಿತ್ರನನ್ನಾಗಿ ಮಾಡಲಾರವು. ಎದುರಾಳಿಯ ಬಳಿ ಏನಿದೆ, ಅದು ಏಕೆ ಹಾರಿತು ಎಂಬುದನ್ನು ತಿಳಿಯಲು ಒಂದಿಷ್ಟು ಮಾಹಿತಿಯನ್ನೂ ಕಾಲಾವಕಾಶವನ್ನೂ ಅವು ಒದಗಿಸುತ್ತವೆ. ಮುಂದೆ ಹೊಸ ಕ್ಷಿಪಣಿಯೊಂದರ ಸುದ್ದಿ ಓದಿದಾಗ ಅದರ ವೇಗ, ವ್ಯಾಪ್ತಿಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದನ್ನು ಎಣಿಸುವವರು, ಪರೀಕ್ಷಿಸುವವರು ಯಾರು?