ಎದೆಯಲ್ಲಿ ನೀರು, ಬೇರು ಕಿಬ್ಬೊಟ್ಟೆಯಲ್ಲಿ

ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಒಣಕೆಮ್ಮು. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದ ಸುತ್ತ ನೀರು, ಹೆಚ್ಚಾಗಿ ಬಲಗಡೆ. ಈ ನಾಡಿನಲ್ಲಿ ಮೊದಲ ಗುಮಾನಿ ಕ್ಷಯದ ಮೇಲೆ. ಅದು ತಪ್ಪೂ ಅಲ್ಲ. ಆದರೆ ನೀರು ತೆಗೆದಷ್ಟೂ ಮತ್ತೆ ತುಂಬುತ್ತಿದ್ದರೆ, ಜೊತೆಗೆ ಹೊಟ್ಟೆಯೂ ಉಬ್ಬುತ್ತಿದ್ದರೆ?

ಬಾಸ್ಟನ್ನಿನ ಸ್ತ್ರೀರೋಗತಜ್ಞ ಜೋ ವಿನ್ಸೆಂಟ್ ಮೇಗ್ಸ್ 1937ರಲ್ಲಿ ಸಹೋದ್ಯೋಗಿ ಕ್ಯಾಸ್ ಜೊತೆಗೂಡಿ ಇಂಥ ಏಳು ಮಹಿಳೆಯರ ವೃತ್ತಾಂತ ಪ್ರಕಟಿಸಿದರು. ಅಂಡಾಶಯದಲ್ಲಿ ಫೈಬ್ರೋಮ ಎಂಬ ನಾರುಗಡ್ಡೆ, ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ನೀರು. ಮೂರೂ ಕೂಡಿದ್ದಕ್ಕೆ ‘ಮೇಗ್ಸ್ ಸಿಂಡ್ರೋಮ್’ ಎಂದೇ ಹೆಸರಾಯಿತು. ಈ ಗಡ್ಡೆ ಕ್ಯಾನ್ಸರ್ ಅಲ್ಲ. ಸೋಜಿಗವೆಂದರೆ, ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆ ತೆಗೆದರೆ ಎದೆಯ ನೀರು ತಾನಾಗಿ ಇಂಗಿಹೋಗುತ್ತದೆ. ಹೊಟ್ಟೆಯ ನೀರು ವಪೆಯ ಸೂಕ್ಷ್ಮ ರಂಧ್ರ, ದುಗ್ಧನಾಳಗಳ ಮೂಲಕ ಮೇಲೇರುತ್ತದೆ ಎಂಬುದು ಹೆಚ್ಚಿನ ವೈದ್ಯರು ಒಪ್ಪುವ ವಿವರಣೆ.

ಅಪರೂಪದ ಕಾಯಿಲೆ ನಿಜ. ಅಂಡಾಶಯದ ಕ್ಯಾನ್ಸರೂ ಎದೆಯಲ್ಲಿ ನೀರು ತುಂಬಿಸುತ್ತದೆ. ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ರೋಗ ನಾಲ್ಕನೇ ಹಂತ ಮುಟ್ಟಿದಂತೆ. ತೊಡಕಿರುವುದು ಇಲ್ಲಿಯೇ. ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ರಕ್ತಪರೀಕ್ಷೆಯ ಅಂಕಿ ಮೇಗ್ಸ್‌ನಲ್ಲೂ ಏರಬಹುದು. ಅದೊಂದನ್ನೇ ನೋಡಿ ಮನೆಮಂದಿ ಕೈಚೆಲ್ಲಿದರೆ, ಗುಣವಾಗಬಹುದಾದ ಹೆಂಗಸು ಹಾಸಿಗೆ ಹಿಡಿಯುತ್ತಾಳೆ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ ಕೊನೆಯ ಮಾತು.

ಹೊಟ್ಟೆ ಉಬ್ಬಿದ್ದನ್ನು ಗ್ಯಾಸು, ವಯಸ್ಸಿನ ಬೊಜ್ಜು ಎಂದು ತಳ್ಳಿಹಾಕುವವರೇ ಹೆಚ್ಚು. ಎದೆಯ ಡಾಕ್ಟರ ಮುಂದೆ ಅದನ್ನು ಬಾಯಿಬಿಡುವುದೂ ಇಲ್ಲ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಊರಿನಿಂದ ಕೆಮ್ಮಿಗೆಂದು ಹಾವೇರಿಗೋ ಹುಬ್ಬಳ್ಳಿಗೋ ಬಸ್ಸು ಹತ್ತುವ ಹೆಣ್ಣುಮಗಳು ಹೊಟ್ಟೆಯ ಸಂಗತಿಯನ್ನೂ ಹೇಳಿದರೆ, ಎಕ್ಸ್‌ರೇ ಜೊತೆಗೆ ಸ್ಕ್ಯಾನಿಂಗೂ ಆಗುತ್ತದೆ.