ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುನ್ನ ಲಿನಕ್ಸ್ ಹಾಕಿ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಿಸೋಣ ಅಂದರೆ ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್, ಈಚಿನ ಪ್ರೊಸೆಸರ್ ಬೇಕು. ಝೆರಾಕ್ಸ್ ಅಂಗಡಿ, ಶಾಲೆ, ಮನೆಗಳಲ್ಲಿರುವ ಹತ್ತು ವರ್ಷದ ಹಳೇ ಯಂತ್ರಗಳಿಗೆ ಇದು ಒಗ್ಗಲ್ಲ. ಭದ್ರತಾ ಅಪ್‌ಡೇಟ್ ಇಲ್ಲದೆ ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುವುದೂ ಅಪಾಯ. ಹಾಗಂತ ಯಂತ್ರ ಕೆಟ್ಟಿದೆ ಎಂದೇನಲ್ಲ.

ಯಾವುದನ್ನು ಹಾಕಬೇಕು?

ಲಿನಕ್ಸ್ ಉಚಿತ. ಅದರಲ್ಲಿ ಕಡಿಮೆ ರ‍್ಯಾಮ್ ಬಳಸುವ ಹಗುರ ಆವೃತ್ತಿಗಳಿವೆ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ಹಳೇ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ; ಮೆನು, ಟಾಸ್ಕ್‌ಬಾರ್ ಎಲ್ಲ ವಿಂಡೋಸ್ ಥರವೇ. ಲುಬುಂಟು ಇನ್ನೊಂದು ಆಯ್ಕೆ. ಬ್ರೌಸರ್, ಲಿಬ್ರೆ ಆಫೀಸ್ ಜೊತೆಗೇ ಬರುತ್ತವೆ. ಆದರೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಲಿನಕ್ಸ್ ಕೂಡ ನಿಧಾನವಾಗುತ್ತೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಮೊದಲು ಪೆನ್‌ಡ್ರೈವ್‌ನಲ್ಲಿ ಪರೀಕ್ಷೆ

ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ರೂಫಸ್ ತಂತ್ರಾಂಶದಿಂದ ಖಾಲಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಆನ್ ಮಾಡಬಹುದು. ಇನ್‌ಸ್ಟಾಲ್ ಒತ್ತುವ ತನಕ ಡಿಸ್ಕ್‌ನಲ್ಲಿ ಏನೂ ಬದಲಾಗಲ್ಲ. ವೈಫೈ, ಸೌಂಡ್, ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವಾ ಅಂತ ಆಗಲೇ ನೋಡಿಕೊಳ್ಳಿ.

ಕನ್ನಡ ಟೈಪಿಂಗ್ ಹೇಗೆ?

ನುಡಿ ಕೀಲಿಮಣೆ ರೂಢಿ ಇದ್ದವರಿಗೆ ಅದೇ ಕೆಜಿಪಿ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತೆ. ಅಕ್ಷರ ಯೂನಿಕೋಡ್‌ನಲ್ಲಿ ಮೂಡುತ್ತೆ. ಆದರೆ ಹಳೇ ನುಡಿ ಫಾಂಟ್‌ನ ಕಡತಗಳು ಅರ್ಥವಾಗದ ಚಿಹ್ನೆಗಳಂತೆ ಕಾಣಬಹುದು. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಡುವುದು ಒಳ್ಳೇದು.

ಯಾರಿಗೆ ಒಗ್ಗಲ್ಲ?

ಟ್ಯಾಲಿ, ಫೋಟೋಶಾಪ್, ಪೇಜ್‌ಮೇಕರ್ ನಂಬಿರುವ ಅಂಗಡಿಗಳಿಗೆ ಇದು ಸರಿಹೋಗಲ್ಲ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಬಳಸುವವರು ಅದರ ಲಿನಕ್ಸ್ ಡ್ರೈವರ್ ಇದೆಯಾ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು. ಓದು, ಪತ್ರ ವ್ಯವಹಾರ, ಆನ್‌ಲೈನ್ ಅರ್ಜಿ, ಯೂಟ್ಯೂಬ್ ಇಷ್ಟೇ ಸಾಕು ಎನ್ನುವವರಿಗೆ ತೊಂದರೆ ಇಲ್ಲ.

ಎಚ್ಚರ!

ಇನ್‌ಸ್ಟಾಲ್ ವೇಳೆ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಒತ್ತಿದರೆ ಸಿ ಡ್ರೈವ್ ಮಾತ್ರವಲ್ಲ, ಡಿ ಡ್ರೈವ್‌ನಲ್ಲಿರುವ ಮದುವೆ ಫೋಟೋ, ಲೆಕ್ಕಪತ್ರಗಳೂ ಹೋಗುತ್ತವೆ. ಮೊದಲು ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಅಲ್ಲಿಂದ ತೆರೆದು ನೋಡಿ. ಆಮೇಲಷ್ಟೇ ಇನ್‌ಸ್ಟಾಲ್.